ಪಟೇಲರು ಕಾರು ಪರೀಕ್ಷಿಸಿದ್ದು

ಗೆಳೆಯರೇ, ಕಾರುಗಳ ಬಗ್ಗೆ ಪತ್ರಿಕೆಯಲ್ಲಿ ವಿಮರ್ಶೆ ಬರೆಯುವ ನನ್ನ ಸ್ನೇಹಿತನನ್ನು ಊರ್ಡಿಗೆರೆಯ ಹಳೆಯ ಪಟೇಲರು ಇವತ್ತು ಕರೆಸಿಕೊಂಡಿದ್ದರು. ಸೆಕೆಂಡ್ ಹ್ಯಾಂಡ್ ಫಾರಿನ್ ಕಾರೊಂದು ಮಾರಾಟಕ್ಕೆ ಬಂದಿತ್ತು. ಕೊಳ್ಳಬಹುದೇ ಎಂದು ಅವನು ಓಡಿಸಿ ನೋಡಿ ಹೇಳಬೇಕು. ಕುತೂಹಲಕ್ಕೆ ನಾನೂ ಹತ್ತಿದೆ.

"ಸ್ಪ್ರಿಂಗ್ ಫಸ್ಟ್ ಕ್ಲಾಸ್, ಎಷ್ಟು ಜೋರಾಗಿ ಹೋದ್ರೂ ಅಲ್ಲಾಡಲ್ಲ" ಎಂದ ಸ್ನೇಹಿತ.

"ಅದಿರ್ಲಿ ಬುಡಪ್ಪ. ಟೀ ಅಂಗಡಿ ಮುಂದೆ ನಿಧಾನಕ್ಕೆ ಹೋಗು" ಎಂದರು ಹಿಂದೆ ಕುಳಿತಿದ್ದ ಪಟೇಲರು.

ಅಲ್ಲಿ ಬೆಂಚಿನ ಮೇಲೆ ಅವರ ಹಳೆಯ ಗೇಣಿದಾರರು ಕುಳಿತಿದ್ದರು. ಉಳುತ್ತಿದ್ದ ಹೊಲ ಕಾನೂನಿನಿಂದ ತಮ್ಮದೇ ಆದಮೇಲೆ ಅವರು ಪಟೇಲರನ್ನು ಕಂಡರೆ ಏಳುವುದಿಲ್ಲ. ಭೂಮಿ ಹೋದದ್ದಕ್ಕಿಂತ ಪಟೇಲರನ್ನು ಸುಡುತ್ತಿದ್ದುದು ಅದೇ. ಕಾರಿಗಾದರೂ ಏಳುತ್ತಾರೇನೋ ಎಂದು ಪಟೇಲರು ನೋಡುತ್ತಿದ್ದಾರೆಂದು ನನಗಾಗ ಹೊಳೆಯಿತು.

ಮೂರು ಸಲ ಹೋದೆವು. ಯಾರೂ ಅಲುಗಲಿಲ್ಲ. ನಾಲ್ಕನೇ ಸಲ ಅವರಲ್ಲೊಬ್ಬ, ಮಾರಣ್ಣ, ಎದ್ದು ಬಂದು ಕಿಟಕಿಗೆ ಬಗ್ಗಿದ. ಪಟೇಲರ ಮುಖ ಅರಳಿತು.

"ಬಸ್ ತಪ್ಪೋಯ್ತು ಪಟೇಲ್ರೇ. ಒಸಿ ಸರ್ಕೊಳ್ಳಿ, ತುಮಕೂರ್ ಗಂಟ ಬತ್ತೀನಿ."

ಪಟೇಲರು ಕಾರು ಬೇಡವೆಂದುಬಿಟ್ಟರು. ಅದರಲ್ಲಿ ಏನು ದೋಷ ಕಂಡರೆಂದು ನಮ್ಮ ವಿಮರ್ಶಕ ಸಂಜೆಯಿಂದ ನನ್ನನ್ನೇ ಕೇಳುತ್ತಿದ್ದಾನೆ.