ಅಪ್ಪಾಜಿಯ ಮೋಟರ್ ಸೈಕಲ್ಲಿನ ಎಣ್ಣೆ ಪಂಪು

ಸುಟ್ಟ ಹರಳೆಣ್ಣೆಯ ವಾಸನೆಯನ್ನು ನೀವು ಯಾವತ್ತಾದರೂ ಮೂಸಿದ್ದೀರಾ? ಹೊಟ್ಟೆ ತೊಳೆಯಲು ಕುಡಿಸುವ ಹಸಿ ಎಣ್ಣೆಯದಲ್ಲ. ಇಂಜಿನ್ನಿನ ಒಳಗೆ ಸುಟ್ಟು ಹೊಗೆಯಾಗಿ ಬರುವಂಥದ್ದು. ಕೊಂಚ ಸಿಹಿ, ಕೊಂಚ ಕಮಟು. ಹೋದ ಭಾನುವಾರ ಕಡೂರಿನಲ್ಲಿ ಹಳೇ ಗಾಡಿಗಳ ಪ್ರದರ್ಶನಕ್ಕೆ ಹೋಗಿದ್ದೆ. ಸೀರೆ ಒಗೆದು ಒಣಗಿಸಿದರೂ ಸೆರಗಿನಲ್ಲಿ ಅದು ಉಳಿದುಬಿಟ್ಟಿದೆ. ಈ ವಯಸ್ಸಿನಲ್ಲಿ ಸೆರಗು ಮೂಸುತ್ತ ಕೂತಿದ್ದೇನೆ, ಸಿಲ್ಲಿ ಓಲ್ಡ್ ವುಮನ್.

ಅದು ನಮ್ಮ ಅಪ್ಪಾಜಿಯ ಮೋಟರ್ ಸೈಕಲ್ಲಿನ ವಾಸನೆ. ಅಜ್ಜಂಪುರದಲ್ಲಿ ನಮ್ಮದು ದವಸದ ಮಂಡಿ. ಕಾಫಿ ತೋಟ ಮಾರಿ ಇಂಗ್ಲೆಂಡಿಗೆ ಹೊರಟಿದ್ದ ಬಿಳಿ ದೊರೆಯೊಬ್ಬನಿಂದ ಅಪ್ಪಾಜಿ ಆ ಮೋಟರ್ ಸೈಕಲ್ಲು ಕೊಂಡಿದ್ದರು. ಆಗಲೇ ಮುದಿ ಗಾಡಿ. ಅದಕ್ಕೆ ತಕ್ಕ ಎಣ್ಣೆ ಈ ಕಡೆ ಸಿಗದೆ, ಗಾಣದ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ಅಮ್ಮ ನಮಗೆ ಭೇದಿಗೆ ಕೊಡುತ್ತಿದ್ದುದೂ ಅದೇ ಡಬ್ಬದಿಂದ.

ಈ ಎಣ್ಣೆಯ ವಿಚಾರ ಸ್ವಲ್ಪ ಹೇಳಿಬಿಡುತ್ತೇನೆ, ಬೋರಾದರೆ ಕ್ಷಮಿಸಿ. ಈಗಿನ ಗಾಡಿಗಳಲ್ಲಿ ಎಣ್ಣೆ ಮೇಲೇರಿ, ಎಲ್ಲವನ್ನೂ ಸವರಿ, ಮತ್ತೆ ಕೆಳಗಿಳಿದು ಸುತ್ತುತ್ತಲೇ ಇರುತ್ತದೆ. ಅಪ್ಪಾಜಿಯ ಗಾಡಿಯಲ್ಲಿ ಹಾಗಲ್ಲ, ಹೋದ ಎಣ್ಣೆ ಹೋಯಿತು. ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲೇ ಎಣ್ಣೆಗೊಂದು ಖಾನೆ, ಅದರ ಮೇಲೊಂದು ಹಿತ್ತಾಳೆ ಗುಂಡಿಯ ಕೈಪಂಪು. ಒತ್ತಿದರೆ ಒಂದು ಗುಟುಕು ಇಂಜಿನ್ನಿಗೆ ಇಳಿಯುತ್ತದೆ, ಕೆಲಸ ಮಾಡುತ್ತದೆ, ಸುಟ್ಟು ಹೊಗೆಯಾಗುತ್ತದೆ. ಒತ್ತುವುದು ಮರೆತರೆ ಪಿಸ್ಟನ್ ಕಚ್ಚಿಕೊಂಡು ಗಾಡಿ ನಿಂತೇಹೋಗುತ್ತದೆ. ಜಾಸ್ತಿ ಒತ್ತಿದರೆ ಪ್ಲಗ್ಗಿಗೆ ಮಸಿ. ಎಷ್ಟು ಸಾಕೆಂದು ತಿಳಿಸಲು ಮೀಟರ್ ಗೀಟರ್ ಇಲ್ಲ. ಹಿಂದೆ ತಿರುಗಿ ಹೊಗೆ ನೋಡಬೇಕು, ಅಷ್ಟೆ.

ಹೊಗೆ ನೋಡುತ್ತಿದ್ದವಳು ನಾನು. ಅಪ್ಪಾಜಿಯ ಎರಡು ಕೈ ಹ್ಯಾಂಡಲ್ಲಿನ ಲಿವರುಗಳಿಗೇ ಸಾಲುತ್ತಿರಲಿಲ್ಲ. ಟ್ಯಾಂಕಿನ ಮೇಲೆ ದಿಂಬು ಕಟ್ಟಿ ನನ್ನನ್ನು ಕೂರಿಸಿಕೊಂಡು ಬೀರೂರಿನ ಸಂತೆಗೆ ಹೊರಡುತ್ತಿದ್ದರು. ನಾನು ಅವರ ಕಂಕುಳಡಿ ತಲೆ ತೂರಿಸಿ ಹಿಂದೆ ನೋಡುವುದು.

“ಪುಟ್ಟಿ, ಹೊಗೆ?”

“ತೆಳ್ಳಗಾಯ್ತು ಅಪ್ಪಾಜಿ.”

“ಮತ್ತೆ ಒತ್ತು! ನೋಡ್ತಾ ಕೂತ್ರೆ ಅದೇ ಬಂದ್ಬಿಡುತ್ತಾ?”

ಏರು ಬಂದರೆ ಅವರು ಕೇಳುವ ಮುಂಚೆಯೇ ಒತ್ತುತ್ತಿದ್ದೆ. ಬೀರೂರಿನ ಹೋಟೆಲಿನಲ್ಲಿ ಅಪ್ಪಾಜಿ ಸ್ನೇಹಿತರಿಗೆ ಹೇಳುವರು: “ಡ್ರೈವರ್ ನಾನಲ್ಲ ಕಣ್ರೀ, ಇವಳು.” ಆಮೇಲೆ ಅಷ್ಟು ಒಳ್ಳೆಯ ಸರ್ಟಿಫಿಕೇಟ್ ನನಗೆ ಯಾರೂ ಕೊಟ್ಟಿಲ್ಲ.

ನಾನು ಉದ್ದವಾದೆ. “ಹೆಣ್ಣುಡುಗಿ ಹಿಂಗೆ ಕಾಲು ಇಳಿಬಿಟ್ಕಂಡು ಊರೂರು ತಿರುಗೋದೇನೋ?” ಎಂದು ಅಜ್ಜಿ ಗದರಿದರು. ದಿಂಬು ನನ್ನ ತಮ್ಮ ಮಲ್ಲಿಯದಾಯಿತು. “ನೀನೇ ಹೇಳ್ಕೊಡು ಅವನಿಗೆ” ಎಂದರು ಅಪ್ಪಾಜಿ. ಅಳು ನುಂಗಿಕೊಂಡು ಅಂಗಳದಲ್ಲಿ ನಿಂತು ಹೇಳಿಕೊಟ್ಟೆ.

“ಹೊಗೆ ಕಾಣ್ತಿದ್ರೆ ಸುಮ್ನಿರು. ಕಾಣ್ದಿದ್ರೆ ಒತ್ತು. ಏನಂದೆ, ಹೇಳು?”

“ಕಾಣ್ದಿದ್ರೆ ಒತ್ತು.”

“ಇನ್ನೊಂದ್ಸಲ.”

“ಅಯ್ಯೋ, ಕಾಣ್ದಿದ್ರೆ ಒತ್ತು ಕಣೇ!”

ಅವತ್ತು ಸಂಜೆ ಮೋಟರ್ ಸೈಕಲ್ಲು ಎತ್ತಿನ ಗಾಡಿಯ ಮೇಲೆ ಮಲಗಿ ಮನೆಗೆ ಬಂತು. ಪಿಸ್ಟನ್ ಕಚ್ಚಿಕೊಂಡಿತ್ತು. “ಯಾಕೋ ಒತ್ತಲಿಲ್ಲ?” ಎಂದು ಅಪ್ಪಾಜಿ ಕೈ ಎತ್ತಿದಾಗ ಮಲ್ಲಿ ಹೇಳಿದ: “ಅಕ್ಕ ನಂಗೆ ಹೇಳ್ಕೊಡ್ಲೇ ಇಲ್ಲ.”

ಆ ಕೈ ನನ್ನ ಕೆನ್ನೆಗೆ ಬಂತು. “ಹೊಟ್ಟೆಕಿಚ್ಚು ಕಣೇ ನಿಂಗೆ!” ಹೇಳಿಕೊಟ್ಟಿದ್ದೆ ಎಂದು ಅಳುತ್ತ ಅರಚಿದೆ, ಯಾರೂ ಕೇಳಲಿಲ್ಲ. ಸ್ಕೂಲು ಶುರುವಾಗುತ್ತಲೇ ಚಿಕ್ಕಮಗಳೂರಿನ ಕಾನ್ವೆಂಟಿನ ಬೋರ್ಡಿಂಗಿಗೆ ನನ್ನನ್ನು ಹಾಕಿದರು, ಬುದ್ಧಿ ಬರಲೆಂದು. ಅಪ್ಪಾಜಿ ಸಿಸ್ಟರಿಗೆ ಎಲ್ಲ ಹೇಳಿದ್ದರೇನೋ, “ಜೆಲಸಿ ಈಸ್ ಎ ಸಿನ್, ಚೈಲ್ಡ್” ಎಂಬುದೇ ನಾನು ಕಲಿತ ಮೊದಲ ಇಂಗ್ಲಿಷ್ ವಾಕ್ಯ. ನಿಮ್ಮ ಇಂಗ್ಲಿಷ್ ಎಷ್ಟು ಚೆಂದ ಮೇಡಂ ಎಂದು ನಾನೀಗ ಇರುವ ತರೀಕೆರೆಯಲ್ಲಿ ಇವತ್ತಿಗೂ ಹೊಗಳುತ್ತಾರೆ. ಥ್ಯಾಂಕ್ಯೂ ಎನ್ನುತ್ತೇನೆ. ಅಪ್ಪಾಜಿ ಸಾಯುವತನಕ ಮತ್ತೆ ನನ್ನನ್ನು ಪುಟ್ಟಿ ಎಂದು ಕರೆಯಲಿಲ್ಲ.

ಮಲ್ಲಿಯ ಮೇಲೆ ಸಿಟ್ಟು ಇಟ್ಟುಕೊಳ್ಳಲಿಲ್ಲ. ಪಾಪ, ಮಗು, ಗಾಬರಿಯಲ್ಲಿ ನಾನು ಹೇಳಿಕೊಟ್ಟಿದ್ದೇ ಮರೆತಿರಬೇಕು ಎಂದುಕೊಂಡೆ. ಆ ಒಂದು ನಂಬಿಕೆಯ ಮೇಲೆ ಅವನ ಮದುವೆಯಲ್ಲಿ ಓಡಾಡಿದೆ, ಅವನ ಮಕ್ಕಳನ್ನು ಎತ್ತಿ ಆಡಿಸಿದೆ.

ಈಗ ಅವನು ಕೊಟ್ಟಿಗೆಯಲ್ಲಿದ್ದ ಅಪ್ಪಾಜಿಯ ಗಾಡಿಯನ್ನು ರಿಪೇರಿ ಮಾಡಿಸಿದ್ದಾನೆ. ಭಾನುವಾರ ತರೀಕೆರೆಗೆ ಬಂದು ನನ್ನನ್ನೂ ಕಾರಿನಲ್ಲಿ ಕಡೂರಿಗೆ ಕರೆದೊಯ್ದ. ಮೈದಾನದಲ್ಲಿ ಇಂಜಿನ್ ಶುರುವಾಯಿತು, ಹೊಗೆ ಬಂತು, ನನ್ನ ಕಣ್ಣು ತುಂಬಿತು. ಪತ್ರಿಕೆಯ ಹುಡುಗಿಯೊಬ್ಬಳು ಆ ಗುಂಡಿ ಯಾತಕ್ಕೆಂದು ಕೇಳಿದಳು.

“ಎಣ್ಣೆ ಪಂಪು ಕಣಮ್ಮ” ಎಂದ ಮಲ್ಲಿ. “ನಾನು ಟ್ಯಾಂಕ್ ಮೇಲೆ ಕೂತು, ಹಿಂದೆ ಹೊಗೆ ನೋಡ್ಕೊಂಡು ಒತ್ತೋನು. ಡ್ರೈವರ್ ನಾನಲ್ಲ ಕಣ್ರೀ, ಇವನು ಅನ್ನೋರು ನಮ್ಮ ಅಪ್ಪಾಜಿ.”

ಅವನನ್ನು ಶಾಮಿಯಾನದ ಹಿಂದಕ್ಕೆ ಕರೆದೆ. “ಮಲ್ಲಿ, ನಾನು ನಿಂಗೆ ಹೇಳ್ಕೊಟ್ಟಿದ್ನೋ ಇಲ್ವೋ?”

ಏನನ್ನು, ಯಾವಾಗ ಎಂದು ಕೇಳುತ್ತಾನೆ ಅಂದುಕೊಂಡಿದ್ದೆ. ಕೇಳಲಿಲ್ಲ. ಕನ್ನಡಕ ತೆಗೆದು ಒರೆಸಿದ.

“ಹೇಳ್ಕೊಟ್ಟಿದ್ದೆ ಕಣಕ್ಕ. ಅಂಗಳದಲ್ಲಿ. ಎರಡು ಸಲ ಬಾಯಲ್ಲಿ ಹೇಳಿಸ್ದೆ. ಅಪ್ಪಾಜಿ ಹೊಡೀತಾರೆ ಅಂತ ಭಯ ಆಗೋಯ್ತು.”

“ದೊಡ್ಡೋನಾದ್ಮೇಲೆ? ಅಪ್ಪಾಜಿ ಹಾಸಿಗೆ ಹಿಡಿದಾಗ?”

“ಆವಾಗ ಹೇಳಿ ಏನು ಬರೋದು? ನಿಂಗೇನು ಕೆಟ್ಟದಾಯ್ತು ಹೇಳು, ಓದ್ಕೊಂಡೆ. ಬಿಡಕ್ಕ.”

ಅಷ್ಟರಲ್ಲಿ ಮೈಕಿನಲ್ಲಿ ಅವನ ಹೆಸರು ಕೂಗಿದರು. ಹೋದ. ಟ್ಯಾಂಕು, ಹೊಗೆ, ಬೀರೂರಿನ ಹೋಟೆಲು, ಎಲ್ಲವನ್ನೂ ಮೊದಲಿನಿಂದ ಮತ್ತೆ ಹೇಳಿದ, ತನ್ನದೆಂದೇ. ಜನ ಚಪ್ಪಾಳೆ ತಟ್ಟಿದರು.

ಇಷ್ಟು ವರ್ಷ ನಾನು ಕ್ಷಮಿಸಿದ್ದು ಮರೆತುಹೋದ ಮಗುವನ್ನು. ಅಂಥದ್ದೊಂದು ಮಗು ಇರಲೇ ಇಲ್ಲವಲ್ಲ! ಕಾರಿನ ಬಾಗಿಲು ತೆರೆದು ಅವನು ಕರೆಯುತ್ತಿದ್ದಂತೆಯೇ ನಾನು ಬಸ್ ಸ್ಟ್ಯಾಂಡಿಗೆ ನಡೆದೆ.

ಅವತ್ತಿನಿಂದ ಅವನ ಫೋನು ಬರುತ್ತಲೇ ಇದೆ. ಇದನ್ನು ಬರೆಯುವಾಗಲೂ ಬಂತು. ಎತ್ತಲಿಲ್ಲ. ಎತ್ತಿದರೆ ಮತ್ತೆ ‘ಬಿಡಕ್ಕ’ ಎನ್ನುತ್ತಾನೆ, ನಾನು ಬಿಟ್ಟುಬಿಡುತ್ತೇನೆ.