ಬಾಗಿನಕ್ಕೆ ಮೊದಲು ಕೆರೆ ದಾಟಿದವಳು

ಹೊಸ ಪ್ಲಾಸ್ಟಿಕ್ಕು ಬಿಸಿಲಿಗೆ ಕಾದು, ಅದರ ಮೇಲೆ ನೀರು ಬಿದ್ದಾಗ ಏಳುವ ವಾಸನೆ ನಿಮಗೂ ಗೊತ್ತಿರಬಹುದು. ಹೋದ ಭಾನುವಾರ ನಮ್ಮೂರ ಕೆರೆಯ ದಡದಲ್ಲಿ ಎದೆಗೆ ಕಿತ್ತಳೆ ಬಣ್ಣದ ಜಾಕೆಟ್ಟು ಬಿಗಿಸಿಕೊಂಡು ದೋಣಿಯಲ್ಲಿ ಕೂತಾಗ ಅದೇ ವಾಸನೆ. ಹೊಸಕೋಟೆ ಕಡೆಯ ಈ ಕೆರೆಯಲ್ಲಿ ಈಗ ದೋಣಿವಿಹಾರ. ದೋಣಿ ನಡೆಸುವ ಯುವಕ ಕತೆಯನ್ನೂ ಹೇಳುತ್ತಾನೆ.

"ಹಿಂದೆಲ್ಲಾ ಕೋಡಿ ಬಿದ್ರೆ, ಗಂಗಮ್ಮಂಗೆ ಬಾಗಿನ ಬಿಡೋ ತಂಕ ಯಾರೂ ನೀರಿಗೆ ದೋಣಿ ಇಳಿಸೋ ಅಂಗಿರ್ಲಿಲ್ಲ ಸಾರ್. ಆದ್ರೂ ಒಂದ್ಸಲ, ತಾಯಿಗೆ ಸೀರಿಯಸ್ಸು ಅಂತ ಒಬ್ಬ ಹೆಣ್ಮಗಳು ಅಳ್ತಾ ಬಂದ್ಲು. ಊರ ದೊಡ್ಡೋರೇ ಮುಂದೆ ನಿಂತು ಆಚೆ ದಡಕ್ಕೆ ಕಳ್ಸಿದ್ರು. ಅಂಥಾ ಮನ್ಸು ಆಗಿನೋರ್ದು!"

ಜೊತೆಗಿದ್ದವರು ಮೆಚ್ಚಿ ತಲೆಯಾಡಿಸಿದರು. ನನಗೆ ಮೈ ಉರಿಯಿತು. ಆ ಹೆಣ್ಣುಮಗಳು ನನ್ನ ಚಿಕ್ಕಮ್ಮ. ಅವಳು ಅಳಲಿಲ್ಲ. ಅವಳನ್ನು ಯಾರೂ ಕಳಿಸಲೂ ಇಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಬೆಂಗಳೂರಿನಲ್ಲಿ ಎಂಎಸ್ಸಿ ಓದುತ್ತಿದ್ದ ನನಗೆ ಸುತ್ತಲಿನ ಕೆರೆಗಳನ್ನೆಲ್ಲ ಹರಿಗೋಲಿನಲ್ಲಿ ಸುತ್ತಿಬರುವ ಹುಚ್ಚು. ತ್ಯಾಮಗೊಂಡ್ಲು ಕಡೆಯ ಒಂದು ಕೆರೆಗೆ ಬಸ್ಸು ಹಿಡಿದು ಹೋದರೆ ಅಲ್ಲಿ ಇದ್ದದ್ದು ಮೊಣಕಾಲುದ್ದ ನೀರು. "ದೋಣಿ ಎಲ್ಲೈತಪ್ಪಾ ಇಲ್ಲಿ? ಎಮ್ಮೆ ಮ್ಯಾಲೆ ಕುಂತ್ಕೊ, ಅದೇ ಕರ್ಕೊಂಡೋಯ್ತದೆ" ಎಂದ ಅಲ್ಲಿನ ಮುದುಕ. ಇನ್ನೊಂದು ಕಡೆ ಗಾಳ ಹಾಕಿ ಕೂತೆ. ಮೀನು ಕಚ್ಚುವ ಮೊದಲೇ ನನಗೆ ನಿದ್ದೆ ಬಂತು. ಊರಲ್ಲಿ ಮಾತ್ರ ದೊಡ್ಡ ನಾವಿಕನಂತೆ ಮಾತಾಡುತ್ತಿದ್ದೆ.

ಅದೇ ವರ್ಷವೋ ಮರುವರ್ಷವೋ, ನಮ್ಮ ಕೆರೆ ಕೋಡಿ ಬಿತ್ತು. ಬಳೆ, ಅರಿಸಿನ, ತೆಂಗಿನಕಾಯಿ ಇಟ್ಟ ಮೊರವನ್ನು ಊರ ಪರವಾಗಿ ನೀರಿಗೆ ಬಿಡಬೇಕು. ಬಿಡುವವರು ಯಾರು? ಪಂಚಾಯಿತಿ ಚುನಾವಣೆ ಊರನ್ನು ಎರಡು ಪಾರ್ಟಿ ಮಾಡಿತ್ತು. ಮೊದಲ ಬಾಗಿನ ನಮ್ಮದು ಎಂದು ಎರಡೂ ಪಾರ್ಟಿ ಪಟ್ಟು ಹಿಡಿದವು. ಪೂಜೆ ಮುಂದಕ್ಕೆ ಹೋಗುತ್ತಲೇ ಇತ್ತು. ಕೋಡಿಯ ನೀರು ಆಚೆ ಊರಿನ ದಾರಿಯನ್ನು ಕೊಚ್ಚಿಹಾಕಿತ್ತು. ಮೀನು ಹಿಡಿಯುವ ಮುನಿಯಪ್ಪನ ಹರಿಗೋಲು ಏರಿಯ ಮೇಲೆ ಬೋರಲು ಬಿದ್ದಿತ್ತು. ಆಗ ಆಚೆ ದಡದಿಂದ ಕೂಗಿ ಹೇಳಿದರು: ಚಿಕ್ಕಮ್ಮನ ತಾಯಿಗೆ ಕೊನೆಗಾಲ.

ಚಿಕ್ಕಮ್ಮ ನೇರ ಅರಳಿಕಟ್ಟೆಗೆ ಹೋದಳು. "ನಮ್ಮವ್ವ ಇವತ್ತೋ ನಾಳೆಯೋ ಅಂತೆ. ಮುನಿಯಪ್ಪುಂಗೊಂದು ಮಾತು ಹೇಳ್ರಪ್ಪಾ."

"ಅವ್ರು ಒಪ್ಪಿದ್ರೆ ನಮ್ದೇನು ಅಡ್ಡಿಯಿಲ್ಲ ಕಣವ್ವ" ಎಂದರು ಈ ಪಾರ್ಟಿಯವರು.

"ಮೊದ್ಲು ಅವ್ರು ಒಪ್ಲಿ" ಎಂದರು ಆ ಪಾರ್ಟಿಯವರು.

ಚಿಕ್ಕಪ್ಪ ಅಲ್ಲೇ ಒಂದು ಪಾರ್ಟಿಯ ನಡುವೆ ಕೂತು ನೆಲ ನೋಡುತ್ತಿದ್ದ. ಮುನಿಯಪ್ಪ ಕೈಮುಗಿದ: "ನಾನ್ ಇಳ್ಸಿದ್ರೆ ಇವ್ರು ನಾಳೆಯಿಂದ ಬಲೆ ಬಿಡಕ್ಕೆ ಬುಟ್ಟಾರಾ ತಾಯಿ?"

ಅವಳು ಸೆರಗು ಸಿಕ್ಕಿಸಿಕೊಂಡು ಏರಿ ಹತ್ತಿದಳು, ಹರಿಗೋಲನ್ನು ಮಗುಚಿದಳು. "ಲೇ, ಊರೂರ ಕೆರೆ ಸುತ್ತಿದೀನಿ ಅಂತೀಯಲ್ಲ, ಹತ್ತು" ಎಂದಳು ಹಿಂದೆಯೇ ಬಂದಿದ್ದ ನನಗೆ. ಹುಟ್ಟು ಹಾಕಿದೆ. ಹರಿಗೋಲು ನಿಂತಲ್ಲೇ ಗಿರಗಿರ ತಿರುಗಿತು. "ಏನ್ಲಾ ಇದು, ರಾಗಿ ಬೀಸ್ತಿದೀಯಾ? ಕೊಡಿಲ್ಲಿ!" ಅವಳ ಕೈಯಲ್ಲೂ ತಿರುಗಿತು. ಸರದಿಯ ಮೇಲೆ ಹುಟ್ಟು ಹಾಕುತ್ತ, ತಿರುಗುತ್ತ ತಿರುಗುತ್ತಲೇ ಮುಂದೆ ಸಾಗಿದೆವು. ಏರಿಯ ಮೇಲೆ ಎರಡೂ ಪಾರ್ಟಿಯವರು, ಆ ವರ್ಷ ಮೊದಲ ಬಾರಿಗೆ, ಒಂದೇ ದನಿಯಲ್ಲಿ ಬಯ್ಯುತ್ತಿದ್ದರು.

ಚಿಕ್ಕಮ್ಮನ ಮಗ ಇದನ್ನು ಒಪ್ಪುವುದಿಲ್ಲ. "ನೀನೆಲ್ಲಿದ್ದೆ ಆಗ? ಹಾಸ್ಟೆಲ್ಲಲ್ಲಿದ್ದೆ. ಅಮ್ಮ ಹೇಳಿದ್ದು ಕೇಳಿ ಕೇಳಿ ನಾನೂ ಇದ್ದೆ ಅಂದ್ಕೊಂಡಿದೀಯ" ಎನ್ನುತ್ತಾನೆ. ಇರಬಹುದೆಂದು ವರ್ಷಗಟ್ಟಲೆ ಸುಮ್ಮನಿದ್ದೆ. ನೆನಪನ್ನು ಸಾಕ್ಷಿ ಎಂದು ಒಪ್ಪಬೇಡ ಎಂಬುದೇ ನಾನು ಓದಿನಿಂದ ಕಲಿತ ಪಾಠ. ಆದರೆ ದೋಣಿಯಲ್ಲಿ ಕೂತು ಯೋಚಿಸಿದೆ: ನೆನಪು ಸುಳ್ಳು ಹೇಳುವುದಾದರೆ ನಮ್ಮನ್ನು ಮೆರೆಸಲು ಹೇಳುತ್ತದೆ. ಕೇಳಿದ್ದನ್ನೇ ನಾನು ಕಟ್ಟಿಕೊಂಡಿದ್ದರೆ, ಬಾಣದಂತೆ ಕೆರೆ ದಾಟಿಸಿರುತ್ತಿದ್ದೆ. ಬೀಸುವ ಕಲ್ಲಿನಂತೆ ತಿರುಗುತ್ತಿರಲಿಲ್ಲ.

ಮಗಳ ಕೈಯಿಂದ ಗಂಜಿ ಕುಡಿದು ಆ ತಾಯಿ ಮಾರನೆಯ ದಿನ ಹೋದಳು. ಚಿಕ್ಕಮ್ಮ ಮರಳುವಷ್ಟರಲ್ಲಿ ಊರು ಒಂದಾಗಿತ್ತು. ಬಾಗಿನಕ್ಕೆ ಒಂದಾಗದವರು ಅವಳ ತಪ್ಪಿಗೆ ಒಂದಾದರು. ಕೆರೆ ಮೈಲಿಗೆಯಾಯಿತೆಂದು ಶುದ್ಧಿ ಮಾಡಿಸಿ, ಎರಡೂ ಪಾರ್ಟಿಯ ಮೊರಗಳನ್ನು ಜೋಡಿಯಾಗಿ ತೇಲಿಬಿಟ್ಟರು. ದಡದಲ್ಲಿ ಹೆಂಗಸರಿಗೆಲ್ಲ ಅರಿಸಿನ ಕುಂಕುಮ ಕೊಟ್ಟರು, ಅವಳೊಬ್ಬಳನ್ನು ಬಿಟ್ಟು. ಆಮೇಲೂ ಎಷ್ಟೋ ಸಲ ಕೋಡಿ ಬಿತ್ತು. ಅವಳು ಸಾಯುವವರೆಗೂ ಯಾರೂ ಬಾಗಿನಕ್ಕೆ ಕರೆಯಲಿಲ್ಲ. "ಕರೀದಿದ್ರೆ ಕತ್ತೆ ಬಾಲ. ನಮ್ಮವ್ವುನ್ ಮೊಕ ನೋಡ್ದೆನಲ್ಲ" ಎನ್ನುತ್ತಿದ್ದಳು. ಆದರೂ ಬಾಗಿನದ ದಿನ ಬೆಳಗ್ಗೆಯೇ ಹೊಸ ಸೀರೆ ಉಟ್ಟು ಕೂತಿರುತ್ತಿದ್ದಳು.

ಅದೇ ಊರಿಗೆ ಈಗ ಅವಳ ಕತೆ ಬೇಕಂತೆ, ಅದೂ ತಮ್ಮ ದೊಡ್ಡತನಕ್ಕೆ!

ದಡಕ್ಕೆ ಬಂದ ಮೇಲೆ ಯುವಕನಿಗೆ ಎಲ್ಲ ಹೇಳಿದೆ.

"ನೀವ್ ನೋಡಿದ್ರಾ ಸಾರ್?"

"ದೋಣಿಯಲ್ಲಿದ್ದೆ."

ಅವನು ತಲೆ ಕೆರೆದುಕೊಂಡ. "ನಂಗೆ ಊರೋರು ಹೇಳ್ಕೊಟ್ಟಿದ್ದು ಹಿಂಗೇ. ಜನಕ್ಕೂ ಇದೇ ಇಷ್ಟ. ಬುಡಿ ಗುರುಗಳೇ, ಹಳೇದ್ಯಾಕೆ?"

ಮುಂದಿನ ಗುಂಪು ಹತ್ತುತ್ತಿತ್ತು. ಇನ್ನೊಂದು ಟಿಕೆಟ್ಟು ತೆಗೆದುಕೊಂಡು ನಾನೂ ಹತ್ತಿದೆ. ಅವನು ನನ್ನತ್ತ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, ಕೋಡಿಯಿಂದ ಶುರುಮಾಡಿ "ಒಬ್ಬ ಹೆಣ್ಮಗಳು" ಎನ್ನುವಲ್ಲಿಗೆ ಬಂದ.

"ಸಾಕಮ್ಮ ಅಂತ ಅವಳ ಹೆಸರು. ನನ್ನ ಚಿಕ್ಕಮ್ಮ" ಎಂದೆ. "ನೀನು ದೋಣಿ ನಡೆಸಪ್ಪಾ, ಮುಂದಿನದು ನಾನು ಹೇಳ್ತೀನಿ."