ಔಷಧಿ ಎಂದು ಹೇಳಿದ ನೀರು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಯಲಹಂಕದಲ್ಲಿ ಒಂದು ಸಂಶೋಧನೆಯ ಕೆಲಸಕ್ಕಿದ್ದೆ. ಸಂಶೋಧನೆ ಎಂದರೆ ನಮ್ಮ ಮನೆಯಲ್ಲಿ ಎಲ್ಲರೂ ಇಲಿ, ಮೊಲ, ಗಾಜಿನ ಕೊಳವೆ ಅಂದುಕೊಂಡಿದ್ದರು. ನಮ್ಮಲ್ಲಿದ್ದದ್ದು ಒಂದು ಬಾಡಿಗೆ ಕೋಣೆ, ಒಂದು ಚೊಂಬು, ಉಪ್ಪು, ಸಕ್ಕರೆ. ಭೇದಿಯಾದ ಮಗುವಿಗೆ ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಸುತ್ತಿದ್ದರೆ ಜೀವ ಉಳಿಯುತ್ತದೆ ಎಂಬುದು ಡಾಕ್ಟರುಗಳಿಗೆ ಆಗಲೇ ಗೊತ್ತಿತ್ತು. ಗೊತ್ತಿರುವುದು ಮನೆಮನೆಗೆ ಯಾಕೆ ಹೋಗುತ್ತಿಲ್ಲ, ಹೋಗುವಂತೆ ಮಾಡುವುದು ಹೇಗೆ ಎಂದು ಕಂಡುಕೊಳ್ಳಲು ದೆಹಲಿಯ ಒಂದು ಕಚೇರಿ ನಮಗೆ ದುಡ್ಡು ಕೊಡುತ್ತಿತ್ತು. ನಮ್ಮ ಮುಖ್ಯಸ್ಥೆ ಮಕ್ಕಳ ಡಾಕ್ಟರು. ಮೇಡಂ ಎನ್ನುತ್ತಿದ್ದೆವು.

ಸುತ್ತಲಿನ ಹಳ್ಳಿಗಳಾದ ಕೋಗಿಲು, ಅಲ್ಲಾಳಸಂದ್ರದ ಮನೆಗಳಲ್ಲಿ ಅತ್ತೆಯಂದಿರು ನಮ್ಮನ್ನು ಬಾಗಿಲಲ್ಲೇ ತಡೆಯುತ್ತಿದ್ದರು. ಭೇದಿಯಾದಾಗ ನೀರು ಕೊಟ್ಟರೆ ಇನ್ನೂ ಹೆಚ್ಚಾಗುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ಅದಕ್ಕೇ ನಾವು ಇದು ನೀರಲ್ಲ, ಔಷಧಿ ಎನ್ನತೊಡಗಿದೆವು. ತಕ್ಷಣ ಒಳಗೆ ಕರೆದು ಮಣೆ ಹಾಕಿದರು. ಸೊಸೆಯಂದಿರು ನಮ್ಮೆದುರೇ ಕಲಸಿ ತೋರಿಸಿದರು. ನಾವು ಬೀಗಿದ್ದೇ ಬೀಗಿದ್ದು.

ಆ ಮಳೆಗಾಲದಲ್ಲಿ ಕೋಗಿಲಿನ ಒಬ್ಬಾಕೆಯ ಮಗು ಭೇದಿಯಿಂದ ತೀರಿಕೊಂಡಿತು. ಚೊಚ್ಚಲ ಕೂಸು. ನಾನೇ ಹೋಗಿ ಕಲಿಸಿದ್ದ ಮನೆ. ಆಕೆ ಗೋಡೆಗೊರಗಿ ಕೂತಿದ್ದಳು.

"ಔಷಧಿ ಕಲಸಿ ಕೊಟ್ಟಿದ್ಯೇನಮ್ಮಾ?" ಎಂದೆ.

"ಕೊಟ್ಟೆ ಕಣಕ್ಕ. ಮೂರೊತ್ತೂ ಒಂದೊಂದು ಚಮಚ. ಒಂದೊತ್ತೂ ತಪ್ಪಿಸ್ಲಿಲ್ಲ."

ಬೇಕಾದಷ್ಟು ಕುಡಿಸಿ ಎಂದು ನಾವು ಹೇಳಿದ್ದೆವು, ನಿಜ. ಆದರೆ ಔಷಧಿಯನ್ನು ಯಾರಾದರೂ ಬೇಕಾದಷ್ಟು ಕುಡಿಸುತ್ತಾರೆಯೇ? ಚಮಚವನ್ನು ತೊಳೆದು ಗೂಡಿನಲ್ಲಿ ಬೋರಲು ಹಾಕಿಟ್ಟಿದ್ದಳು. ನನಗೆ ಅಳು ಬರಲಿಲ್ಲ, ದುಃಖವೂ ಆಗಲಿಲ್ಲ. ಕಾಲು ಜೋಮು ಹಿಡಿದಾಗ ಇರುತ್ತದಲ್ಲ, ಎದೆಯೊಳಗೆ ಹಾಗಿತ್ತು. ಅದು ಬಹಳ ಕಾಲ ಬಿಡಲಿಲ್ಲ.

ಮೇಡಂ ವಿಚಾರಿಸಿದರೆ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಚಮಚವೇ. ಅವರು ಇನ್ನೊಂದು ವರ್ಷಕ್ಕೆ ದುಡ್ಡು ಕೇಳಿದರು. ನೋಡಿಹೋಗಲು ದೆಹಲಿಯಿಂದ ಬಂದ ಅಧಿಕಾರಿ ಕೆಟ್ಟವರೇನಲ್ಲ, ನಮ್ಮ ಕಡೆಯವರೇ. ಕಾಫಿ ಕುಡಿಯುತ್ತ ಹೇಳಿದರು:

"ಅಲ್ಲ ಮೇಡಂ, ಇದು ಕೆಲಸ ಮಾಡತ್ತೆ ಅಂತ ಪ್ರೂವ್ ಆಗಿದೆ. ಇನ್ನು ಚಮಚದಲ್ಲಿ ಕೊಡ್ಬೇಕಾ, ಲೋಟದಲ್ಲಿ ಕೊಡ್ಬೇಕಾ ಅನ್ನೋದ್ರಲ್ಲಿ ರಿಸರ್ಚ್ ಏನ್ ಬಂತು?"

"ನೀರು ಅಂದ್ರೆ ಕೊಡಲ್ಲ. ಔಷಧಿ ಅಂದ್ರೆ ಸಾಕಾಗೋಷ್ಟು ಕೊಡಲ್ಲ. ಏನಂದ್ರೆ ಕೊಡ್ತಾರೆ ಅಂತ ನಂಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅದೇ ರಿಸರ್ಚು," ಎಂದರು ಮೇಡಂ.

ಜನರಿಗೆ ತಿಳಿಹೇಳಿ ಪೋಸ್ಟರ್ ಅಂಟಿಸಲು ಬೇರೆ ಇಲಾಖೆಯೇ ಇದೆಯಲ್ಲ ಎಂದು ಅಧಿಕಾರಿ ಲೋಟ ಕೆಳಗಿಟ್ಟರು. ದುಡ್ಡು ಬರಲಿಲ್ಲ. ಕೋಣೆಯ ಬೀಗದ ಕೈಯನ್ನು ಮಾಲೀಕರಿಗೆ ಕೊಟ್ಟು ಬಂದವಳು ನಾನೇ. ನನ್ನದು ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯಲ್ಲಿ ಹೆಸರಾಗಿತ್ತು. ಅವತ್ತು ಅದೂ ಬರಲಿಲ್ಲ.

ಎರಡು ಬೇಸಿಗೆ ಕಳೆದ ಮೇಲೆ ಯಲಹಂಕದ ಬಸ್ ನಿಲ್ದಾಣದಲ್ಲಿ ಕೋಗಿಲಿನ ಆ ತಾಯಿ ಸಿಕ್ಕಳು. ಕಂಕುಳಲ್ಲಿ ಹೊಸ ಕೂಸು. ಭೇದಿಯಾದರೆ ಚಮಚ ಮುಟ್ಟಬೇಡ, ಮಜ್ಜಿಗೆ ಕುಡಿಸುವ ಹಾಗೆ ಲೋಟದಲ್ಲಿ ಮತ್ತೆ ಮತ್ತೆ ಕುಡಿಸುತ್ತಿರು ಎಂದೆ. ಪೂರ್ತಿ ಕೇಳಿಸಿಕೊಂಡಳು.

"ಲೋಟಗಟ್ಲೆ ಕೊಟ್ರೆ ನಮ್ಮತ್ತೆ ಕಿತ್ಕೊತ್ತಾರೆ ಕಣಕ್ಕ, ಕೂಸಿಗೆ ನೀರು ಕುಡುಸ್ತಾವ್ಳೆ ಅಂತ. ಅವ್ರಿಗೆ ಏನಂತ ಯೋಳ್ಲಿ?"

ಮೇಡಂ ಇನ್ನೊಂದು ವರ್ಷ ಕೇಳಿದ್ದು ಈ ಪ್ರಶ್ನೆಯ ಉತ್ತರಕ್ಕಾಗಿಯೇ. ಕೋಗಿಲಿನ ಬಸ್ಸು ಬಂತು. ಹತ್ತುವವರೆಗೂ ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು.